ಕಣ್ಣು ಮುಚ್ಚಿ ಕೇಳಿ

ಎಲ್ಲ ರಗಳೆಗೂ ಮೂಲ ಎರಡೇ ಎರಡು ಸಾಲು. ಹೋದ ವರ್ಷ ‘ಮನೆನಾದ ಬಳಗ’ದ ಸ್ಪರ್ಧೆಗೆ ಸೌಂಡಪ್ಪ ಕಳಿಸಿದ್ದ ವಿಡಿಯೋದ ಅಡಿಯಲ್ಲಿ ಮುಖ್ಯ ತೀರ್ಪುಗಾರರು ಹೀಗೆ ಬರೆದಿದ್ದರು: ‘ಗೋಣಿಚೀಲದೊಳಗೆ ಕೂತು ಹಾಡಿದ ಹಾಗಿದೆ. ಹಿಂದೆ ಯಾರದೋ ಮೂಗೂ ಕೇಳಿಸುತ್ತಿದೆ.’

ಆ ಮೂಗು ಸೌಂಡಪ್ಪನದೇ. ನಲವತ್ತಮೂರು ವಿಡಿಯೋಗಳಲ್ಲಿ ಅವನದು ನಲವತ್ತೊಂದನೆಯದಾಯಿತು. ನಲವತ್ತೆರಡನೆಯವನ ವಿಡಿಯೋದಲ್ಲಿ ನಾಯಿ ಬೊಗಳಿತ್ತು. ನಲವತ್ತಮೂರನೆಯವನು ಮೈಕಿನ ಸ್ವಿಚ್ಚನ್ನೇ ಒತ್ತಿರಲಿಲ್ಲ.

ಬಳಗದ ಪದ್ಧತಿ ಇಷ್ಟೇ. ಎಲ್ಲರಿಗೂ ಒಂದೇ ಹಾಡಿನ ಫೈಲು ಕಳಿಸುತ್ತಾರೆ. ಅವರವರು ಅದನ್ನು ಅವರವರ ಮನೆಯ ಸ್ಟೀರಿಯೋದಲ್ಲಿ ಹಾಕಿ, ಮುಂದೆ ಮೈಕಿಟ್ಟು, ವಿಡಿಯೋ ತೆಗೆದು ಕಳಿಸಬೇಕು. ಉಳಿದವರು ಕೇಳಿ ಅಂಕ ಕೊಡುತ್ತಾರೆ. ಒಬ್ಬರ ಮನೆಯ ಆಳೆತ್ತರದ ಸ್ಪೀಕರಿನ ಸದ್ದನ್ನು ಇನ್ನೊಬ್ಬರು ಬಸ್ಸಿನಲ್ಲಿ ಕೂತು ಅಂಗೈಯಗಲದ ಫೋನಿನಲ್ಲಿ ಕೇಳಿ ತೀರ್ಪು ಕೊಡುವುದರಲ್ಲಿ ಏನಾದರೂ ಎಡವಟ್ಟಿದೆ ಎಂದು ಬಳಗದಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಒಬ್ಬನಿಗೆ ಅನ್ನಿಸಿತ್ತು, ಅವನನ್ನು ಬಳಗದಿಂದ ತೆಗೆದುಹಾಕಿದ್ದರು.

ಸೌಂಡಪ್ಪ ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವನು. ‘ಈಗ ಚೆನ್ನಾಗಿ ಕಾಣುತ್ತಾ? ಈಗ?’ ಎಂದು ಗಾಜು ಬದಲಿಸುತ್ತ ದಿನಕ್ಕೆ ನೂರು ಸಲ ಕೇಳುವ ಕಸುಬು. ಸಂಜೆ ಮನೆಗೆ ಬಂದರೆ ಅದೇ ಪ್ರಶ್ನೆ ಕಣ್ಣಿನಿಂದ ಕಿವಿಗೆ ವರ್ಗವಾಗುತ್ತಿತ್ತು. ಸ್ಪೀಕರನ್ನು ಎರಡು ಬೆರಳಿನಷ್ಟು ಸರಿಸಿ, ‘ಈಗ ಚೆನ್ನಾಗಿ ಕೇಳುತ್ತಾ ಅತ್ತೆ? ಈಗ?’ ಎನ್ನುವನು. ಅತ್ತೆಯದು ಯಾವಾಗಲೂ ಒಂದೇ ಉತ್ತರ: ‘ಎರಡೂ ಚೆನ್ನಾಗಿದೆ ಅಳಿಯಂದಿರೇ.’

ಆ ಸ್ಪೀಕರುಗಳನ್ನು ಅವನು ಅಂಗಡಿಯಿಂದ ತಂದದ್ದಲ್ಲ. ಎರಡು ವರ್ಷ ಟೆರೇಸಿನ ಮೇಲೆ ಕೂತು ಹಲಗೆ ಕೊಯ್ದು, ಉಜ್ಜಿ, ಮೆರುಗು ಹಾಕಿ ಕೈಯಾರೆ ಕಟ್ಟಿದ ಪೆಟ್ಟಿಗೆಗಳು. ಎರಡೂ ಅವನ ಎದೆಯೆತ್ತರ. ಹಾಲಿಗೆ ಇದ್ದ ಒಂದೇ ಒಂದು ದೊಡ್ಡ ಕಿಟಕಿಯ ಎರಡು ಪಕ್ಕದಲ್ಲಿ ದ್ವಾರಪಾಲಕರ ಹಾಗೆ ನಿಂತಿದ್ದವು. ಅತ್ತೆ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಗೆ ಬಂದು ಆರು ತಿಂಗಳಾಗಿತ್ತು. ಅವರ ಮಂಚಕ್ಕೆ ಸಿಕ್ಕಿದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿ. ಬೆಳಿಗ್ಗೆ ಬಚ್ಚಲಿಗೆ ಹೋಗುವವರು ಆ ಮಂಚದ ಅಂಚನ್ನು ಕಾಲೆತ್ತಿ ದಾಟಬೇಕಿತ್ತು.

ಆ ಭಾನುವಾರ ಬೆಳಿಗ್ಗೆ ಹೆಂಡತಿ ಕಾಫಿ ಲೋಟವನ್ನು ಆಂಪ್ಲಿಫೈಯರಿನ ಮೇಲೆ ಕುಕ್ಕಿದಳು. ಕುಕ್ಕಿದ ಜಾಗ ನೋಡಿಯೇ ಮಾತು ಗಂಭೀರವಾದದ್ದು ಎಂದು ಸೌಂಡಪ್ಪನಿಗೆ ಗೊತ್ತಾಯಿತು.

‘ರೀ, ಈ ವರ್ಷದ ವಿಡಿಯೋ ಕಳಿಸೋಕೆ ಇವತ್ತು ನಾಲ್ಕು ಗಂಟೆಗೆ ಕಡೇ ಅಲ್ವಾ? ಕೇಳಿಸ್ಕೊಳ್ಳಿ. ಮೊದಲನೇ ಸ್ಥಾನ ಬಂತು, ನಿಮ್ಮ ಪೆಟ್ಟಿಗೆ ಕಿಟಕಿ ಹತ್ರಾನೇ ಇರ್ಲಿ, ನಾನು ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ವೋ, ನಾಳೆ ಬೆಳಿಗ್ಗೆ ಎರಡೂ ಅಟ್ಟಕ್ಕೆ. ಅಮ್ಮನ ಮಂಚ ಕಿಟಕಿ ಹತ್ರ.’

‘ಎರಡನೇ ಸ್ಥಾನ ಬಂದ್ರೆ?’

‘ಅಟ್ಟಕ್ಕೆ ಹತ್ತಿಸೋವಾಗ ನಾನೂ ಒಂದು ಕೈ ಹಿಡೀತೀನಿ.’

ಓಣಿಯಿಂದ ಅತ್ತೆಯ ದನಿ ಬಂತು. ‘ಯಾಕೆ ಅವರನ್ನ ಗೋಳು ಹುಯ್ಕೋತೀಯೇ? ನನಗಿಲ್ಲೇ ಚೆನ್ನಾಗಿದೆ. ಹೋಗೋರು ಬರೋರು ಮಾತಾಡಿಸ್ಕೊಂಡು ಹೋಗ್ತಾರೆ.’

ಸೌಂಡಪ್ಪನಿಗೆ ಎದೆಯಲ್ಲಿ ಚುಳ್ ಎಂದಿತು. ಅವನೇನು ಕಲ್ಲುಮನಸ್ಸಿನವನಲ್ಲ. ಅತ್ತೆಯನ್ನು ಕಂಡರೆ ಅವನಿಗೆ ಪ್ರೀತಿಯೇ. ಆದರೆ ಒಮ್ಮೆ ಅಟ್ಟ ಹತ್ತಿದ ಸಾಮಾನು ಮತ್ತೆ ಕೆಳಗಿಳಿದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಹನ್ನೊಂದು ಗಂಟೆಗೆ ಮೊದಲ ಪ್ರಯತ್ನ. ಟೀಪಾಯಿಯ ಮೇಲೆ ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರು, ಅದರ ತಲೆಯ ಮೇಲೆ ಮೈಕು, ಹಿಂದೆ ಮೂರುಕಾಲಿನ ಸ್ಟ್ಯಾಂಡಿನ ಮೇಲೆ, ಮೈಕಿನ ತಲೆ ದಾಟಿ ಪೆಟ್ಟಿಗೆಗಳನ್ನೂ ಆಂಪ್ಲಿಫೈಯರನ್ನೂ ಮಾತ್ರ ವಿಡಿಯೋ ತೆಗೆಯುವ ಫೋನು. ಹಾಡು ಅರ್ಧಕ್ಕೆ ಬಂದಿತ್ತು, ಪಕ್ಕದ ಮನೆಯ ಕುಕ್ಕರು ಕೂಗಿತು. ಒಂದಲ್ಲ, ನಾಲ್ಕು ಸಲ.

ಸೌಂಡಪ್ಪ ಪಕ್ಕದ ಮನೆಗೆ ಹೋಗಿ ಕೈಮುಗಿದ. ಅಲ್ಲಿ ಎಡವಿದ. ಪಕ್ಕದ ಮನೆಯಲ್ಲಿದ್ದದ್ದು ನಿವೃತ್ತ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರಿಗೆ ಈಗ ನಿಲ್ಲಿಸಲು ಯಾರೂ ಸಿಗದೆ ಕೈ ಕಡಿಯುತ್ತಿತ್ತು.

‘ನಿಶ್ಶಬ್ದ ತಾನೇ ಬೇಕು? ನನಗೆ ಬಿಡಿ. ಇಡೀ ಬಿಲ್ಡಿಂಗಲ್ಲಿ ಸೂಜಿ ಬಿದ್ರೂ ಕೇಳಿಸ್ಬೇಕು, ಹಾಗೆ ಮಾಡ್ತೀನಿ,’ ಎಂದವರೇ ಬನಿಯನ್ನಿನ ಮೇಲೊಂದು ಅಂಗಿ ತೊಟ್ಟು ಹೊರಟುಬಿಟ್ಟರು. ಮನೆಮನೆಯ ಬಾಗಿಲು ಬಡಿದರು. ಕುಕ್ಕರು, ಮಿಕ್ಸಿ, ಜಗಳ, ಮೂರನ್ನೂ ನಿಷೇಧಿಸಿದರು. ಇಡೀ ಕಟ್ಟಡ ಉಸಿರು ಬಿಗಿಹಿಡಿಯಿತು. ಸೌಂಡಪ್ಪ ಎರಡನೆಯ ಸಲ ಗುಂಡಿ ಒತ್ತಿದ. ಹಾಡು ಶುರುವಾಗುತ್ತಿದ್ದ ಹಾಗೆಯೇ, ನಿಶ್ಶಬ್ದ ಈಗ ಜಾರಿಗೆ ಬಂದಿದೆ ಎಂದು ಎಲ್ಲರಿಗೂ ತಿಳಿಸಲು ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಸೀಟಿ ಊದಿದರು.

ಮೂರನೆಯದರಲ್ಲಿ ಮತ್ತೆ ಮೂಗು. ಅದರ ಜೊತೆಗೆ ಹಾಡಿನಲ್ಲಿ ಮದ್ದಲೆ ಬಂದಾಗಲೆಲ್ಲ ಟೀಪಾಯಿಯ ಮೇಲಿದ್ದ ಅತ್ತೆಯ ನೀರಿನ ಚೊಂಬು ಕಿಣಿಕಿಣಿ ಎಂದಿತು. ಸೌಂಡಪ್ಪ ಎರಡು ತೀರ್ಮಾನ ಮಾಡಿದ. ಇನ್ನು ಮುಂದೆ ತಾನು ಬಾಗಿಲ ಹೊರಗೆ ನಿಲ್ಲುವುದು, ಬಾಗಿಲ ಸಂದಿಯಲ್ಲಿ ಉದ್ದ ವೈರು ಎಳೆದು ಹೆಡ್‌ಫೋನಿನಲ್ಲಿ ಮೈಕಿನ ಸದ್ದು ಕೇಳುವುದು. ಗುಂಡಿ ಒತ್ತಿದವರು ಹೊರಗೆ ಹೋಗಲೆಂದೇ ಬಳಗದವರು ಹಾಡಿನ ಮುಂದೆ ಇಪ್ಪತ್ತು ಸೆಕೆಂಡಿನ ಮೌನ ಸೇರಿಸಿ ಕಳಿಸಿದ್ದರು. ಇನ್ನೊಂದು, ಚೊಂಬನ್ನು ಅತ್ತೆಯ ಮಡಿಲಿಗೆ ಕೊಡುವುದು.

ಅತ್ತೆ ಮಾತ್ರ ಒಳಗೇ ಇರಬೇಕಿತ್ತು. ಕೋಣೆಯಲ್ಲಿ ಮೆತ್ತನೆಯ ಮೈಕಟ್ಟಿನವರು ಒಬ್ಬರು ಅಲುಗದೆ ಕೂತರೆ ಪ್ರತಿಧ್ವನಿ ತಗ್ಗುತ್ತದೆ ಎಂದು ಬಳಗದ ಹಿರಿಯರೊಬ್ಬರು ಬರೆದಿದ್ದರು. ಆ ವರ್ಣನೆಗೆ ಮನೆಯಲ್ಲಿ ಹೊಂದುತ್ತಿದ್ದವರು ಅತ್ತೆಯೊಬ್ಬರೇ.

‘ಮೈಕಿನ ಪಕ್ಕ ಈ ಕುರ್ಚೀಲಿ ಕೂತಿರಿ ಅತ್ತೆ. ಏನೇ ಆದ್ರೂ ಮಾತಾಡ್ಬೇಡಿ. ಆಕಾಶ ಕಳಚಿ ಬಿದ್ರೂ ಮಾತಾಡ್ಬೇಡಿ.’

‘ಆಯ್ತು ಅಳಿಯಂದಿರೇ. ಉಸಿರೂ ಮೆಲ್ಲಗೇ ಬಿಡ್ತೀನಿ,’ ಎಂದರು ಅತ್ತೆ, ಗಂಭೀರವಾಗಿ.

ಅಷ್ಟರಲ್ಲಿ ಮೇಲಿನ ಮನೆಯ ನರ್ಸಮ್ಮ ಬಂದರು. ಗೋಡೆ ಬರಿದಾಗಿದ್ದರೆ ಸದ್ದು ಪುಟಿಯುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ತಮ್ಮ ಮನೆಯ ರಜಾಯಿ, ಕಂಬಳಿ, ಚಾದರಗಳನ್ನೆಲ್ಲ ಹೊತ್ತು ತಂದಿದ್ದರು. ಕೆಳಗಿನ ಮನೆಗಳಿಂದಲೂ ಬಂದವು. ಒಂದು ಗಂಟೆಯೊಳಗೆ ಕಿಟಕಿಯೊಂದನ್ನು ಬಿಟ್ಟು ಹಾಲಿನ ಗೋಡೆ, ಬಾಗಿಲು ಎಲ್ಲ ಮುಚ್ಚಿಹೋಗಿ, ಕೋಣೆ ಒಂದು ದೊಡ್ಡ ಹಾಸಿಗೆ ಸುರುಳಿಯ ಒಳಭಾಗದಂತೆ ಕಂಡಿತು.

ನಾಲ್ಕನೆಯ ಸಲ ಹಾಡು ಚೆನ್ನಾಗಿಯೇ ನಡೆದಿತ್ತು. ನರ್ಸಮ್ಮ ಬಾಗಿಲು ಸರಿಸಿ ಒಳಗೆ ಹೋಗಿ, ‘ಈ ಕಂಬಳಿ ಸೊಟ್ಟಗಿದೆ ನೋಡಿ’ ಎಂದು ಸರಿಪಡಿಸಿದರು. ಐದನೆಯ ಸಲ ಅದೇ ಕಂಬಳಿ ಧೊಪ್ಪೆಂದು ಅತ್ತೆಯ ತಲೆಯ ಮೇಲೆ ಬಿತ್ತು. ಸೌಂಡಪ್ಪ ಗಾಬರಿಯಾಗಿ ಒಳಗೆ ನುಗ್ಗಿದ. ಅತ್ತೆ ಕಂಬಳಿಯ ಕೆಳಗೆ ಕಲ್ಲಿನಂತೆ ಕೂತಿದ್ದರು.

‘ಅತ್ತೆ! ಏನಾಯ್ತು? ಮಾತಾಡಿ!’

ಒಳಗಿನಿಂದ ಸಣ್ಣ ದನಿ ಬಂತು. ‘ಮಾತಾಡ್ಬಹುದಾ?’

ಹಾಳಾದದ್ದು ಅವರಿಂದಲ್ಲ, ಒಳಗೆ ನುಗ್ಗಿದ ಸೌಂಡಪ್ಪನಿಂದ. ಆರನೆಯ ಸಲ ಎಲ್ಲ ಸರಿಯಿತ್ತು, ಆದರೆ ಹೆಡ್‌ಫೋನಿನಲ್ಲಿ ಗುಂಯ್ ಎಂಬ ಗುನುಗು. ಫ್ರಿಜ್ಜು. ಅದರ ಪ್ಲಗ್ಗು ಫ್ರಿಜ್ಜಿನ ಬೆನ್ನ ಹಿಂದೆ, ಅತ್ತೆಯ ಮಂಚವನ್ನು ಎತ್ತದೆ ಫ್ರಿಜ್ಜು ಸರಿಯದು. ಗಂಟೆ ಮೂರೂ ಇಪ್ಪತ್ತು. ಸೌಂಡಪ್ಪ ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತುಬಿಟ್ಟ. ಎರಡು ವರ್ಷದ ಉಜ್ಜಾಟವೆಲ್ಲ ಅಟ್ಟದ ಧೂಳಿನಲ್ಲಿ ಕೂತಿರುವುದು ಅವನ ಕಣ್ಣಿಗೆ ಕಟ್ಟಿತು. ನಿಜಕ್ಕೂ ಅಳು ಬಂತು.

‘ಎದ್ದೇಳ್ರೀ!’ ಎಂದು ಗದರಿದರು ಮೇಷ್ಟ್ರು. ‘ಫ್ರಿಜ್ಜು ತಾನೇ? ಕೆಳಗೆ ಮೀಟರ್ ಬೋರ್ಡಲ್ಲಿ ಆರಿಸ್ತೀನಿ. ನೀವು ಗುಂಡಿ ಒತ್ತಿ ಹೊರಗೆ ಬಂದು ಬಾಗಿಲು ಹಾಕ್ತಿದ್ದ ಹಾಗೆ ಕೈ ಎತ್ತಿ. ಮಿಕ್ಕಿದ್ದು ನನ್ನ ಜವಾಬ್ದಾರಿ. ನಿಮಗೆ ಬೇಕಾಗಿರೋದು ಸಂಪೂರ್ಣ ನಿಶ್ಶಬ್ದ. ಅಷ್ಟೇ ತಾನೇ?’

ಏಳನೆಯ ಸಲ. ಸೌಂಡಪ್ಪ ವಿಡಿಯೋ ಒತ್ತಿದ, ರೆಕಾರ್ಡರು ಒತ್ತಿದ, ಹಾಡು ಒತ್ತಿದ. ತುದಿಗಾಲಲ್ಲಿ ಹೊರಬಂದು ಬಾಗಿಲೆಳೆದು ಕೈ ಎತ್ತಿದ. ಕೆಳಗಿನಿಂದ ಮೇಷ್ಟ್ರು ಹೆಬ್ಬೆರಳು ತೋರಿಸಿದರು. ಹೆಡ್‌ಫೋನಿನಲ್ಲಿ ಫ್ರಿಜ್ಜಿನ ಗುನುಗು ಕಡಿದು ಬಿತ್ತು. ಆಮೇಲೆ ಮೌನ. ಇಪ್ಪತ್ತು ಸೆಕೆಂಡು ಯುಗದಂತೆ ಎಳೆಯಿತು, ಮುಗಿಯುವುದೇ ಇಲ್ಲವೇನೋ ಎನ್ನಿಸಿತು. ಕೊನೆಗೆ ತಂತಿ ಮಿಡಿಯಿತು, ಹಿಂದೆಯೇ ಗಾಯಕಿಯ ದನಿ ಎದ್ದಿತು.

ಸೌಂಡಪ್ಪ ಗೋಡೆಗೆ ಒರಗಿದ. ಎಂಥ ದನಿ! ಕಿವಿಯ ಪಕ್ಕದಲ್ಲೇ ಕೂತು ಹಾಡಿದ ಹಾಗೆ ಹತ್ತಿರ, ತುಂಬಿದ ಕೊಡದ ಹಾಗೆ ಗಂಭೀರ. ಈ ಸದ್ದಿಗಾಗಿಯೇ ಅವನು ಆ ಪೆಟ್ಟಿಗೆಗಳನ್ನು ಎರಡೆರಡು ಬೆರಳು ಸರಿಸುತ್ತ ಬಂದದ್ದು. ಕಡೆಗೂ ನನ್ನ ಮಕ್ಕಳು ಬಾಯಿ ಬಿಟ್ಟವು ಎಂದುಕೊಂಡ. ಪಕ್ಕದಲ್ಲಿ ನರ್ಸಮ್ಮ ಏನೋ ಹೇಳಲು ಬಾಯಿ ತೆರೆದರು. ಅವನು ಬೆರಳು ತುಟಿಗಿಟ್ಟು ಸುಮ್ಮನಾಗಿಸಿದ.

ಹಾಡು ಮುಗಿಯಿತು. ಮೇಷ್ಟ್ರು ಕೆಳಗೆ ಸ್ವಿಚ್ಚು ಏರಿಸಿದರು. ಫ್ರಿಜ್ಜು ಮತ್ತೆ ಗುನುಗಿತು.

‘ಹೊರಗೆ ಚೂರೂ ಕೇಳಿಸ್ಲಿಲ್ವಲ್ರೀ?’ ಎಂದರು ನರ್ಸಮ್ಮ.

‘ಅದೇ ನಿಮ್ಮ ರಜಾಯಿಗಳ ಮಹಿಮೆ!’ ಎಂದು ಸೌಂಡಪ್ಪ ಅವರ ಕೈ ಹಿಡಿದು ಕುಲುಕಿದ.

ಒಳಗೆ ಅತ್ತೆ ಮೊಣಕೈ ನೀವಿಕೊಳ್ಳುತ್ತಿದ್ದರು. ‘ಅಳಿಯಂದಿರೇ, ಒಂದು ಮಾತು...’

‘ಆಮೇಲೆ ಅತ್ತೆ, ಆಮೇಲೆ! ನಾಲ್ಕಕ್ಕೆ ಕಡೇ!’

ಸದ್ದನ್ನೂ ಚಿತ್ರವನ್ನೂ ಜೋಡಿಸಿ ಕಳಿಸಿದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು. ಅತ್ತೆ ಐದು ಗಂಟೆಗೆ ಇನ್ನೊಮ್ಮೆ ‘ಒಂದು ಮಾತು’ ಎಂದರು. ಸೌಂಡಪ್ಪನ ಕಣ್ಣು ಫೋನಿಗೆ ಅಂಟಿಕೊಂಡಿತ್ತು.

ಐದೂವರೆಯಿಂದ ಅಭಿಪ್ರಾಯಗಳು ಬರತೊಡಗಿದವು. ‘ಕಣ್ಣು ಮುಚ್ಚಿ ಕೇಳಿದೆ. ತೆರೆದಾಗ ಕೆನ್ನೆ ಒದ್ದೆಯಾಗಿತ್ತು.’ ‘ಗಾಯಕಿ ನಟ್ಟನಡುವೆ ನಿಂತಿದ್ದಾಳೆ. ಕೂದಲೆಳೆಯಷ್ಟೂ ಎಡಕ್ಕಿಲ್ಲ, ಬಲಕ್ಕಿಲ್ಲ. ಇಂಥ ಸೆಂಟರ್ ನಾನು ಕೇಳಿಯೇ ಇಲ್ಲ.’ ‘ದನಿಯ ಅಂಚಿಗೆ ಒಂದು ಬೆಳ್ಳಿಯ ಹೊಳಪಿದೆ. ಯಾವ ಮರದ ಪೆಟ್ಟಿಗೆ ಸ್ವಾಮಿ?’

ಏಳು ಗಂಟೆಗೆ ಮುಖ್ಯ ತೀರ್ಪುಗಾರರ ಧ್ವನಿ ಸಂದೇಶ ಬಂತು. ಬಳಗದಲ್ಲಿ ಅವರನ್ನು ‘ಬಂಗಾರದ ಕಿವಿ’ ಎಂದೇ ಕರೆಯುತ್ತಿದ್ದರು. ಗೋಣಿಚೀಲ ಎಂದು ಬರೆದವರು ಇವರೇ.

‘ಬಂಧುಗಳೇ, ಎಲ್ರೂ ಕಣ್ಣು ಮುಚ್ಚಿ ಕೇಳಿ. ಹೋದ ವರ್ಷ ನಲವತ್ತೊಂದನೇ ಸ್ಥಾನದಲ್ಲಿದ್ದವರು ಈ ವರ್ಷ ಮೊದಲನೇ ಸ್ಥಾನ. ಕೈಯಲ್ಲಿ ಮಾಡಿದ ಪೆಟ್ಟಿಗೇಲಿ ಇಂಥಾ ಸದ್ದು! ನನ್ನ ಜೀವಮಾನದಲ್ಲಿ ಕೇಳಿಲ್ಲ. ಮುಂದಿನ ಭಾನುವಾರ ಬಳಗದ ಇಪ್ಪತ್ತು ಜನರನ್ನ ಕರ್ಕೊಂಡು ನಾನೇ ಇವರ ಮನೆಗೆ ಹೋಗಿ, ಎದುರೇ ಕೂತು ಕೇಳಿ, ಸನ್ಮಾನ ಮಾಡ್ತೀನಿ.’

ಸೌಂಡಪ್ಪ ಕೂತಲ್ಲೇ ಒಂದಡಿ ಹಾರಿದ. ಮೇಷ್ಟ್ರು ಸೀಟಿ ಊದಿದರು, ಈ ಸಲ ಯಾರೂ ಬೈಯಲಿಲ್ಲ. ನರ್ಸಮ್ಮ ಸಿಹಿ ತಂದರು. ರಜಾಯಿ ಕೊಟ್ಟವರೆಲ್ಲ ತಮ್ಮ ತಮ್ಮ ರಜಾಯಿಯ ಗೆಲುವನ್ನು ನೋಡಲು ಬಂದು ಹಾಲಿನಲ್ಲಿ ಕಿಕ್ಕಿರಿದರು. ಸೌಂಡಪ್ಪ ಸೋಫಾದ ಮೇಲೆ ಹತ್ತಿ ನಿಂತ. ವರ್ಷವಿಡೀ ಬಗ್ಗಿದ್ದ ಬೆನ್ನು ಅವತ್ತು ನೆಟ್ಟಗಾಗಿತ್ತು.

‘ಎಲ್ಲರ ಎದುರಿಗೇ ಹೇಳ್ತೀನಿ. ಇವತ್ತು ಗೆದ್ದ ಸೆಟ್ಟು ಯಾವುದೋ, ಅದರ ಜಾಗ ಇನ್ಮೇಲೆ ಈ ಕಿಟಕಿ ಹತ್ರಾನೇ. ಯಾರೂ ಅದನ್ನ ಕದಲಿಸೋ ಹಾಗಿಲ್ಲ. ಏನಂತೀಯೇ?’

ಹೆಂಡತಿ ಸೋಲನ್ನು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಳು. ‘ಮಾತು ಅಂದ್ರೆ ಮಾತು. ಗೆದ್ದಿದ್ದಕ್ಕೇ ಕಿಟಕಿ. ಇಷ್ಟೂ ಜನ ಸಾಕ್ಷಿ.’ ಆಮೇಲೆ ಅವಳ ಕಣ್ಣು ಓಣಿಯ ಮಂಚದ ಕಡೆ ಹೋಗಿ ಬಂತು. ಸೌಂಡಪ್ಪ ಅದನ್ನು ನೋಡಿದ, ನೋಡದ ಹಾಗೆ ಮಾಡಿದ.

ವಿಡಿಯೋವನ್ನು ಟಿವಿಯಲ್ಲಿ ದೊಡ್ಡದಾಗಿ ಹಾಕಿದರು. ‘ಎಲ್ರೂ ಕಣ್ಣು ಮುಚ್ಚಿ!’ ಎಂದ ಸೌಂಡಪ್ಪ. ಎಲ್ಲರೂ ಮುಚ್ಚಿದರು. ಮೇಷ್ಟ್ರು ಮುಚ್ಚಲಿಲ್ಲ. ಬೇರೆಯವರ ಆಜ್ಞೆ ಪಾಲಿಸಿ ಅವರಿಗೆ ಅಭ್ಯಾಸವಿರಲಿಲ್ಲ.

‘ಇದೇನ್ರೀ,’ ಎಂದರು ಅವರು ನಡುವೆ, ‘ನಿಮ್ಮ ಆಂಪ್ಲಿಫೈಯರಿನ ಕೆಂಪು ದೀಪ ಉರೀತಾನೇ ಇಲ್ವಲ್ಲ?’

ಎಲ್ಲರೂ ಕಣ್ಣು ಬಿಟ್ಟರು. ಟಿವಿಯಲ್ಲಿ ಗಾಯಕಿ ಎದೆ ತುಂಬಿ ಹಾಡುತ್ತಿದ್ದಳು. ಆಂಪ್ಲಿಫೈಯರಿನ ದೀಪ ಆರಿತ್ತು, ಅದರ ಎರಡು ಮುಳ್ಳುಗಳು ಸೊನ್ನೆಯ ಮೇಲೆ ಮಲಗಿ ನಿದ್ದೆ ಹೋಗಿದ್ದವು. ಊರವರ ಕಣ್ಣು ಪರೀಕ್ಷೆ ಮಾಡುವವನು ತನ್ನ ವಿಡಿಯೋವನ್ನು ಹದಿನೆಂಟು ಸಲ ಕೇಳಿದ್ದ, ಒಂದು ಸಲವೂ ನೋಡಿರಲಿಲ್ಲ.

‘ಮೇಷ್ಟ್ರೇ,’ ಸೌಂಡಪ್ಪ ಅವರ ಕಡೆ ತಿರುಗಿದ, ‘ಮೀಟರ್ ಬೋರ್ಡಲ್ಲಿ ಏನು ಆರಿಸಿದ್ರಿ?’

‘ಏಳು ಸ್ವಿಚ್ಚಿದ್ವು. ಫ್ರಿಜ್ಜಿಂದು ಯಾವುದು ಅಂತ ಬರೆದಿರ್ಲಿಲ್ಲ. ಮೇಲೊಂದು ದೊಡ್ಡದಿತ್ತು. ಸಂಪೂರ್ಣ ನಿಶ್ಶಬ್ದ ಬೇಕು ಅಂದ್ರಿ, ಸಂಪೂರ್ಣ ಆರಿಸ್ದೆ.’

‘ಹಾಗಾದ್ರೆ ಹಾಡಿದ್ದು ಯಾವುದು?’

ಮೂಲೆಯ ಕುರ್ಚಿಯಿಂದ ಅತ್ತೆ ಅಳುಕುತ್ತ ಕೈ ಎತ್ತಿದರು. ಕೈಯಲ್ಲಿ ಚೊಂಬಿತ್ತು.

‘ಅದನ್ನೇ ಹೇಳ್ಬೇಕು ಅಂತ ಆಗಿನಿಂದ... ದೀಪ ಹೋಯ್ತು ಅಳಿಯಂದಿರೇ, ಹಾಡೇ ಬರ್ಲಿಲ್ಲ. ಮಾತಾಡ್ಬೇಡಿ ಅಂದಿದ್ರಿ. ಬೆಳಿಗ್ಗೆಯಿಂದ ಆರು ಸಲ ಹಾಳಾಗಿದೆ, ನಿಮ್ಮ ಮುಖ ನೋಡೋಕಾಗ್ತಿರ್ಲಿಲ್ಲ. ನೀವು ಮನೆಯವರ ಗ್ರೂಪಿಗೆ ಕಳಿಸಿದ್ರಲ್ಲ, ಅದೇ ಹಾಡನ್ನ ನನ್ನ ಫೋನಲ್ಲಿ ಹಾಕ್ದೆ. ಸಣ್ಣಗೆ ಕೇಳಿಸ್ತು. ನೀರು ಕುಡಿದು ಖಾಲಿ ಮಾಡಿದ ಚೊಂಬಿತ್ತು ಮಡಿಲಲ್ಲಿ. ಅದರೊಳಗಿಟ್ಟು ಮೈಕಿನ ಮೂತಿಗೇ ಹಿಡಿದೆ. ಐದು ನಿಮಿಷ. ಕೈ ಸೋತುಹೋಯ್ತು, ಬಿಡ್ಲಿಲ್ಲ.’

ಹಾಲಿನಲ್ಲಿ ಮೇಷ್ಟ್ರು ಇಡೀ ದಿನ ಕಷ್ಟಪಟ್ಟರೂ ಸಿಗದಿದ್ದ ನಿಶ್ಶಬ್ದ ನೆಲೆಸಿತು. ಸೌಂಡಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳ್ಳಿಯ ಹೊಳಪು. ನಟ್ಟನಡುವೆ ನಿಂತ ಗಾಯಕಿ. ಅವನು ಕುರ್ಚಿಯ ಮುಂದೆ ಕುಕ್ಕರಿಸಿ ಅತ್ತೆಯ ಮೊಣಕೈ ಮುಟ್ಟಿ ನೋಡಿದ. ತನಗಾಗಿ ಯಾರೂ ಇಷ್ಟು ಹೊತ್ತು ಏನನ್ನೂ ಎತ್ತಿ ಹಿಡಿದಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಮೊದಲು ನಕ್ಕವಳು ಹೆಂಡತಿ. ನಕ್ಕು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ರೀ, ಗೆದ್ದ ಸೆಟ್ಟು ಯಾವುದು ಅಂತ ಈಗ ಗೊತ್ತಾಯ್ತಲ್ಲ? ಮಾತು ಅಂದ್ರೆ ಮಾತು. ಚೊಂಬಿನ ಜಾಗ ಕಿಟಕಿ ಹತ್ರ. ಚೊಂಬಿನವರ ಜಾಗವೂ ಅಲ್ಲೇ.’

ಸಾಕ್ಷಿಗಳೆಲ್ಲ ಹೋ ಎಂದರು. ಮೇಷ್ಟ್ರು ‘ಎತ್ತಿ!’ ಎಂದು ಆಜ್ಞೆ ಕೊಟ್ಟರು. ಅಲ್ಲೇ ಇದ್ದ ಎಂಟು ಜನ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹತ್ತಿಸಿದರು. ಮೊದಲ ಸ್ಥಾನ ಬಂದಿದ್ದರೂ ಹೆಂಡತಿ ಒಂದು ಕೈ ಹಿಡಿದಳು. ಸೌಂಡಪ್ಪ ತಾನೇ ಮುಂದೆ ನಿಂತು ಅತ್ತೆಯ ಮಂಚವನ್ನು ಓಣಿಯಿಂದ ಎತ್ತಿ ತಂದು ಕಿಟಕಿಯ ಕೆಳಗೆ ಹಾಕಿದ. ಅತ್ತೆ ಅದರ ಮೇಲೆ ಕೂತು ಬೀದಿಯ ದೀಪಗಳನ್ನು ನೋಡಿ ಸಣ್ಣ ಮಗುವಿನ ಹಾಗೆ ನಕ್ಕರು. ಆ ನಗು ನೋಡಿ ಅವನಿಗೂ ಸಂತೋಷವಾಯಿತು, ಅಟ್ಟದ ಕಡೆ ತಲೆಯೆತ್ತಿದಾಗ ಮಾತ್ರ ಅದು ಅರ್ಧಕ್ಕಿಳಿಯುತ್ತಿತ್ತು.

ಆಗ ಫೋನು ಕಿಣ್ ಎಂದಿತು. ಬಂಗಾರದ ಕಿವಿಯವರು. ‘ಭಾನುವಾರ ಹತ್ತು ಗಂಟೆಗೆ ಬರುತ್ತೇವೆ. ಒಂದು ವಿನಂತಿ. ಆ ಕೋಣೆಯಲ್ಲಿ ಏನನ್ನೂ ಕದಲಿಸಬೇಡಿ.’

ಸೌಂಡಪ್ಪ ಅದನ್ನು ಗಟ್ಟಿಯಾಗಿ ಓದಿ, ಪೆಟ್ಟಿಗೆಗಳಿದ್ದ ಖಾಲಿ ಜಾಗವನ್ನೂ ಅತ್ತೆಯನ್ನೂ ಮತ್ತೆ ಮತ್ತೆ ನೋಡಿದ. ಅತ್ತೆ ಮಡಿಲಲ್ಲಿದ್ದ ಚೊಂಬನ್ನು ತಿರುಗಿಸಿ ನೋಡುತ್ತ ಯೋಚನೆಗೆ ಬಿದ್ದರು.

‘ಅಳಿಯಂದಿರೇ, ಇಪ್ಪತ್ತು ಜನ ಅಂದ್ರಲ್ಲ. ಚೊಂಬು ಸಾಕಾಗುತ್ತಾ, ಇಲ್ಲ ಆ ದೊಡ್ಡ ಕೊಳಗ ತೆಗೆದಿಡ್ಲಾ?’